ಮನೆ ಗುಂಪಿಗೆ ಬಂದ ಶಾಸಕರ ಮನವಿಪತ್ರ

ಶುಕ್ರವಾರ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಜಾಜಿ ಹೂವಿನ ಫೋಟೊಗಳನ್ನೂ ಒಂದು ಮದುವೆ ಕರೆಯೋಲೆಯನ್ನೂ ತೆಗೆದಿದ್ದೇನೆ. ಹಾಸನ ಜಿಲ್ಲೆ ಅಂತ ಗೊತ್ತಾದರೆ ಸಾಕು, ಕ್ಷೇತ್ರದ ಹೆಸರು ಬೇಡ. ಯಾವ ಪಕ್ಷ ಅನ್ನೋದು ಇನ್ನೂ ಬೇಡ.

ಸತೀಶ್ ಚಿಕ್ಕಪ್ಪ: (ಪಿಡಿಎಫ್) ‘ಗ್ರಾಮೀಣ ಮತದಾರ ಬಂಧುಗಳಲ್ಲಿ ಸವಿನಯ ಮನವಿ’

ಸತೀಶ್ ಚಿಕ್ಕಪ್ಪ: ಎಲ್ಲರೂ ಪೂರ್ತಿ ಓದಿ, ಗೊತ್ತಿರೋ ಗುಂಪಿಗೆಲ್ಲ ಕಳಿಸಿ. ಹಳ್ಳಿಗೆ ಇಷ್ಟು ಕೆಲಸ ಮಾಡಿದ ಶಾಸಕರು ಇವರೇ ಮೊದಲು.

ಮಧು: ಓದಿದೆ ಚಿಕ್ಕಪ್ಪ. ಹದಿನಾರು ಪುಟ, ಅರ್ಧಕ್ಕರ್ಧ ಫೋಟೊ. ಗುದ್ದಲಿ ಪೂಜೆ, ಗುದ್ದಲಿ ಪೂಜೆ, ಮತ್ತೆ ಗುದ್ದಲಿ ಪೂಜೆ.

ರುಕ್ಮಿಣಿ ಅತ್ತೆ: ನಮ್ಮೂರ ರಸ್ತೆದೂ ಐತೆ ನೋಡು, ಏಳನೇ ಪುಟ. ಹಿಂದೆ ನಿಂತಿರೋದು ನಾನೇ.

ಮಧು: ನೋಡಿದೆ ಅತ್ತೆ, ಸೀರೆ ಚೆನ್ನಾಗಿದೆ. ಆದ್ರೆ ಗೃಹಲಕ್ಷ್ಮಿ 2,000 ರೂಪಾಯಿ ‘ನಾನು ಕೊಡಿಸಿದ್ದು’ ಅಂತ ಹಾಕಿದಾರಲ್ಲ, ಅದು ರಾಜ್ಯದ 224 ಕ್ಷೇತ್ರಕ್ಕೂ ಬರುತ್ತೆ. ಮುಂದಿನ ಪುಟದಲ್ಲಿ ಮನೆ ಮನೆಗೆ ನಲ್ಲಿ. ಅದು ಜಲಜೀವನ್ ಮಿಷನ್, 2019ರಲ್ಲಿ ಕೇಂದ್ರ ಶುರು ಮಾಡಿದ್ದು, ದುಡ್ಡು ಅರ್ಧ ಅವರದು ಅರ್ಧ ರಾಜ್ಯದ್ದು. ರಾಜ್ಯ ಸರ್ಕಾರನೂ ಇವರೇ, ಕೇಂದ್ರ ಸರ್ಕಾರನೂ ಇವರೇ ಅಂದ್ರೆ ಉಳಿದವರೆಲ್ಲ ಮನೆಗೆ ಹೋಗಲಿ ಬಿಡಿ.

ಸತೀಶ್ ಚಿಕ್ಕಪ್ಪ: ಯೋಜನೆ ಯಾರದಾದ್ರೂ ಇರ್ಲಿ ಕಣೋ. ಹಿಂದೆ ಬಿದ್ದು ನಮ್ಮ ತಾಲೂಕಿಗೆ ಎಳ್ಕೊಂಡು ಬರ್ಬೇಕಲ್ಲ? ಎಂಜಿನಿಯರ್ ಟೇಬಲ್ಲಿಂದ ಫೈಲ್ ಎಬ್ಬಿಸೋದು ನಿನ್ ಲ್ಯಾಪ್‌ಟಾಪಲ್ಲಿ ಕೂತು ಆಗೋ ಕೆಲಸ ಅಲ್ಲ.

ರುಕ್ಮಿಣಿ ಅತ್ತೆ: ನಲ್ಲಿ ಬಂದೈತೆ. ನೀರು ವಾರಕ್ಕೆರಡು ಸಲ.

ದೊಡ್ಡಪ್ಪ: ತಲೆಗೆ ದಿನಕ್ಕೆ 55 ಲೀಟರ್ ಎಂದು ಯೋಜನೆಯಲ್ಲಿದೆ. ಅದಿರಲಿ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಎಲ್ಲೂ ಇಲ್ಲ. ಚುನಾವಣಾ ಕರಪತ್ರದಲ್ಲಿ ಅವು ಇರಲೇಬೇಕು. ಪ್ರಜಾಪ್ರಾತಿನಿಧ್ಯ ಕಾಯ್ದೆ 1951, ಕಲಂ 127ಎ.

ಸತೀಶ್ ಚಿಕ್ಕಪ್ಪ: ಅಣ್ಣಾ, ಚುನಾವಣೆ ಇನ್ನೂ ಘೋಷಣೆನೇ ಆಗಿಲ್ಲ.

ದೊಡ್ಡಪ್ಪ: ಹಾಗಾದರೆ ‘ಮತ್ತೊಮ್ಮೆ ಆರಿಸಿ ಕಳಿಸಿ’ ಅಂತ ಎಲ್ಲಿಗೆ ಕೇಳುತ್ತಿದ್ದಾರೆ? ಹಾಲಿನ ಡೇರಿಗಾ?

(ದೊಡ್ಡಪ್ಪ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರು. ಈ ಗುಂಪಿನಲ್ಲಿ ತಪ್ಪದೆ ಪೂರ್ಣವಿರಾಮ ಹಾಕುವವರು ಅವರೊಬ್ಬರೇ.)

ಮಧು: ಇವರ ಮಾತು ನಡೆಯೋ ದುಡ್ಡು ಅಂದ್ರೆ ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ. ಯಾವ ಊರಿಗೆ ಎಷ್ಟು ಹೋಯ್ತು ಅಂತ ಹದಿನಾರು ಪುಟದಲ್ಲಿ ಒಂದು ಸಾಲಿಲ್ಲ. ‘ನೂರಾರು ಕೋಟಿ ಅನುದಾನ’ ಅಂತೆ.

ರುಕ್ಮಿಣಿ ಅತ್ತೆ: ಮಧು, ನೀನ್ ಹೇಳೋದು ಸರಿನೇ ಇರ್ಬೋದಪ್ಪ. ಮೊನ್ನೆ ಮಳೆಗಾಲದಲ್ಲಿ ನಿಮ್ ಮಾವಂಗೆ ರಾತ್ರಿ ಎದೆನೋವು ಬಂತಲ್ಲ, ಆಸ್ಪತ್ರೇಲಿ ಹಾಸಿಗೆ ಖಾಲಿ ಇಲ್ಲ ಅಂದ್ಬುಟ್ರು. ನಿಂಗೆ ಫೋನ್ ಮಾಡಿದ್ರೆ ಸ್ವಿಚ್ಡ್ ಆಫ್. ಶಾಸಕರ ಪಿಎಗೆ ಮಾಡ್ದೆ, ಎತ್ತಿದ್ರು. ಹಾಸಿಗೆ ಸಿಕ್ತು. ಅದು ಯಾವ ಯೋಜನೆ, ಎಷ್ಟು ಕೋಟಿ ನಂಗೊತ್ತಿಲ್ಲ. ಮುಂಚೆ ಜಿಲ್ಲಾ ಪಂಚಾಯ್ತಿ ಮೆಂಬರ್ ಇದ್ರು, ತಾಲೂಕು ಪಂಚಾಯ್ತಿ ಮೆಂಬರ್ ಇದ್ರು. ಮೋರಿ ಕಿತ್ತೋದ್ರೆ ಅವರ ಮನೆ ಮುಂದೆ ಹೋಗಿ ಬಾಯ್ ಮಾಡ್ತಿದ್ವಿ. ಅವರು ಹೋದ್ಮೇಲೆ ಯಾರ್ ಕೇಳೋರು? ಪಂಚಾಯ್ತಿ ಪಿಡಿಒ ‘ಅನುದಾನ ಇಲ್ಲ’ ಅಂತಾರೆ. ಉಳಿಯೋದು ಶಾಸಕರೊಬ್ರೇ.

ದೊಡ್ಡಪ್ಪ: ಜಿಲ್ಲಾ, ತಾಲೂಕು ಪಂಚಾಯಿತಿಗೆ ಚುನಾವಣೆ ಆಗಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಎಳೆದರು.

ಮಧು: ಅದನ್ನೇ ನಾನು ಹೇಳ್ತಿರೋದು ಅತ್ತೆ! ಬೀದಿಯ ಉಳಿದ ಅಂಗಡಿಗೆಲ್ಲ ಬೀಗ ಹಾಕ್ಸಿ, ಆಮೇಲೆ ‘ನನ್ನ ಅಂಗಡಿಗೆ ಎಷ್ಟು ಗಿರಾಕಿ ನೋಡಿ’ ಅಂದ ಹಾಗಾಯ್ತು.

ಸತೀಶ್ ಚಿಕ್ಕಪ್ಪ: ಇವರೊಬ್ಬರೇ ನಿಲ್ಸಿದ್ರಾ ಚುನಾವಣೆನ? ಆ ಸರ್ಕಾರದಲ್ಲೂ ಮುಂದಕ್ಕೆ ಹಾಕಿದ್ರು, ಈ ಸರ್ಕಾರದಲ್ಲೂ ಹಾಕಿದ್ರು.

ಮಧು: ನಿಲ್ಸಿದ್ರು ಅಂತ ಹೇಳ್ತಿಲ್ಲ. ಸದನದಲ್ಲಿ ಎದ್ದು ನಿಂತು ‘ಯಾವಾಗ ಮಾಡ್ತೀರಿ’ ಅಂತ ಕೇಳಿದ್ರಾ? ಕೇಳಿದ್ರೆ ಅದನ್ನ ಮೊದಲನೇ ಪುಟದಲ್ಲಿ ಹಾಕ್ಬೇಕಿತ್ತು.

ಸತೀಶ್ ಚಿಕ್ಕಪ್ಪ: ಐದು ವರ್ಷಕ್ಕೊಂದ್ಸಲ ಊರಿಗೆ ಬಂದು ಬೆರಳಿಗೆ ಶಾಯಿ ಹಾಕಿಸ್ಕೊಂಡು ಹೋಗೋನು ನೀನು. ಹೋದ್ಸಲ ಬಂದಾಗ ಬಸ್ ಟಿಕೆಟ್ ಯಾರು ಮಾಡಿಸಿದ್ದು, ಹೇಳ್ಲಾ?

ಮಧು: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಯಾವ ಟಿಕೆಟ್?

ದೊಡ್ಡಪ್ಪ: ಮಧು, ಯಾವ ಟಿಕೆಟ್?

(ಮಧು ದೊಡ್ಡಪ್ಪನ ಮಗ. ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.)

ರುಕ್ಮಿಣಿ ಅತ್ತೆ: ಜಗಳ ಆಮೇಲಾಡಿ. ಅರಣ್ಯ ಇಲಾಖೆ ಆನೆ ಟಾಸ್ಕ್ ಫೋರ್ಸ್‌ನೋರ ಮೆಸೇಜ್ ಬಂತು, ಆನೆ ಗುಂಪು ಕೆರೆ ಏರಿ ದಾಟೈತಂತೆ. ಸತೀಶ, ಮೀಟಿಂಗು ಅದು ಇದು ಅಂತ ಬೈಕಲ್ಲಿ ಓಡಾಡ್ಬೇಡ.

ಸತೀಶ್ ಚಿಕ್ಕಪ್ಪ: ಮನೇಲೇ ಇದೀನಿ ಅಕ್ಕ. ಹನ್ನೊಂದನೇ ಪುಟ ನೋಡಿ, ‘ಕಾಡಾನೆ ಹಾವಳಿಗೆ ಶಾಶ್ವತ ಪರಿಹಾರ’.

ಗೀತಕ್ಕ: ಸತೀಶ್ ಮಾವ, ಮೂಡಿಗೆರೆ ಕಡೆ ನಮಗೂ ಎಲ್ಲಾ ಪಕ್ಷದವರೂ ಇದನ್ನೇ ಕೊಡ್ತಾರೆ. ನಾನು ಮದುವೆಯಾಗಿ ಬಂದಾಗಿಂದ ಓದ್ತಾ ಇದೀನಿ.

ದೊಡ್ಡಪ್ಪ: ಆನೆ ತುಳಿದು ಸತ್ತರೆ ಕೊಡುವ ಪರಿಹಾರವನ್ನು 2022ರಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಅದೂ ಇಡೀ ರಾಜ್ಯಕ್ಕೆ. ಆನೆ ತಡೆಯುವ ರೈಲು ಕಂಬಿಯ ಬೇಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವ ತಿಂಗಳೊಳಗೆ ಎಂದು ಬರೆದ ಕರಪತ್ರ ನಾನಂತೂ ನೋಡಿಲ್ಲ.

ದೊಡ್ಡಪ್ಪ: ಇನ್ನೊಂದು ವಿಷಯ. ಇಡೀ ಪತ್ರದಲ್ಲಿ ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಸಕ್ರಮ ಮಾಡಿಕೊಡುವ ಮಾತೇ ಇಲ್ಲ. ಸತೀಶ, ಆ ಅರ್ಜಿಗಳನ್ನು ತೀರ್ಮಾನಿಸುವ ಸಮಿತಿಗೆ ಅಧ್ಯಕ್ಷರು ಯಾರು?

ಸತೀಶ್ ಚಿಕ್ಕಪ್ಪ: ಶಾಸಕರೇ ಅಣ್ಣ. ತಹಶೀಲ್ದಾರ್ ಸದಸ್ಯ ಕಾರ್ಯದರ್ಶಿ.

ದೊಡ್ಡಪ್ಪ: ಹೌದು. ಸಕ್ರಮದ ಅರ್ಜಿ ಎಂದರೆ 1991ರಲ್ಲಿ ಫಾರಂ 50, 1998ರಲ್ಲಿ ಫಾರಂ 53, 2018ರಲ್ಲಿ ಫಾರಂ 57. ಮೂರನ್ನೂ ನೋಡಿದವನು ನಾನು. 50ರ ಅರ್ಜಿ ಹಾಕಿದ ಅಪ್ಪ ತೀರಿಹೋಗಿ, 53ರ ಹೊತ್ತಿಗೆ ಮಗ ಬಂದು ನಿಂತಿದ್ದನ್ನೂ ನೋಡಿದ್ದೇನೆ. ರಸ್ತೆ ಯಾರ ದುಡ್ಡು, ನಲ್ಲಿ ಯಾರ ದುಡ್ಡು ಎಂದು ನೀವು ಬೆಳಗಿನವರೆಗೂ ವಾದ ಮಾಡಿ. ಈ ಕುರ್ಚಿ ಮಾತ್ರ ಶಾಸಕರದೇ. ಅವರು ಸಭೆ ಕರೆದರೆ ಕಡತ ಮುಂದೆ ಹೋಗುತ್ತೆ. ಕರೆಯದಿದ್ದರೆ ವಿಷಯ ನಿರ್ವಾಹಕನ ಕಪಾಟಿನಲ್ಲಿ ಗೆದ್ದಲು ತಿನ್ನುತ್ತೆ. ರುಕ್ಮಿಣಿ, ಭಾವನ ಅರ್ಜಿ ಏನಾಯ್ತು?

ರುಕ್ಮಿಣಿ ಅತ್ತೆ: 57ರಲ್ಲಿ ಹಾಕಿದ್ದು ಅಣ್ಣ, ತೋಟದ ಪಕ್ಕದ ಒಂದೂಕಾಲು ಎಕರೆಗೆ. ಚೀಟಿ ಬೀರುವಲ್ಲೈತೆ. ಸಮಿತಿ ಮುಂದಕ್ಕೆ ಬಂದೇ ಇಲ್ಲ.

ಸತೀಶ್ ಚಿಕ್ಕಪ್ಪ: ಅದಕ್ಕೆ ಅರಣ್ಯ ಇಲಾಖೆ ತಕರಾರು ಇದೆ ಅಕ್ಕ. ಶಾಸಕರು ಏನ್ ಮಾಡಕ್ಕಾಗುತ್ತೆ?

ದೊಡ್ಡಪ್ಪ: ತಕರಾರಿದ್ದರೆ ಸಮಿತಿ ಕೂತು ತಿರಸ್ಕರಿಸಲಿ, ಕಾರಣ ಬರೆದು ಕೊಡಲಿ. ಅದರ ಮೇಲೆ ಅಪೀಲು ಹೋಗಬಹುದು. ಹೌದೂ ಅನ್ನದೆ ಇಲ್ಲವೂ ಅನ್ನದೆ ಇಟ್ಟುಕೊಂಡರೆ ರೈತ ಎಲ್ಲಿಗೂ ಹೋಗುವ ಹಾಗಿಲ್ಲ. ಪ್ರತಿ ಚುನಾವಣೆಗೂ ಅವನ ಮನೆಗೆ ಇವರು ಹೋಗಬಹುದು, ಅಷ್ಟೇ.

ನಾನು: ಚಿಕ್ಕಪ್ಪ, ಈ ಅವಧಿಯಲ್ಲಿ ಸಮಿತಿ ಎಷ್ಟು ಸಲ ಕೂತಿದೆ?

(‘ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯಿತು, ಮತ್ತೆ ಬಂತು. ಚಿಕ್ಕಪ್ಪ ಕೆಟ್ಟವರಲ್ಲ. ಶಾಸಕರ ಜೊತೆ ಓಡಾಡಿ ಊರಿನ ಎಷ್ಟೋ ಜನಕ್ಕೆ ಪಿಂಚಣಿ ಮಾಡಿಸಿಕೊಟ್ಟವರು. ಆದರೆ ಹದಿನಾರು ಪುಟ ಹಂಚುವವರಿಗೆ ಈ ಒಂದು ಸಂಖ್ಯೆ ಗೊತ್ತಿರಬೇಕಿತ್ತು ಅಂತ ನನಗನ್ನಿಸಿತು.)

ಸತೀಶ್ ಚಿಕ್ಕಪ್ಪ: ವಿಚಾರಿಸಿ ಹೇಳ್ತೀನಿ. ಭಾನುವಾರ ಸಮುದಾಯ ಭವನಕ್ಕೆ ಬರ್ತಾರೆ, ಅಕ್ಕನೇ ಬೇಕಾದ್ರೆ ಕೇಳ್ಲಿ. ಎಲ್ಲರ ಮುಂದೆ ಬೇಡ, ಪಕ್ಕಕ್ಕೆ ಕರ್ಕೊಂಡು ಹೋಗ್ತೀನಿ.

ರುಕ್ಮಿಣಿ ಅತ್ತೆ: ಪಕ್ಕಕ್ಕೆ ಯಾಕೆ? ನಮ್ಮೂರಲ್ಲೇ ಇನ್ನೂ ಎಷ್ಟೋ ಮನೆ ಅರ್ಜಿ ಹಂಗೇ ಬಿದ್ದೈತೆ. ಅವರೂ ಕೇಳಿಸ್ಕೊಳ್ಳಿ. ಮೈಕ್ ಇರ್ತದೆ ತಾನೆ?

ದೊಡ್ಡಪ್ಪ: ಅರ್ಜಿ ಸಂಖ್ಯೆ, ದಿನಾಂಕ, ಸರ್ವೆ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋಗು. ಬಾಯಿಮಾತಲ್ಲಿ ಕೇಳಿದರೆ ‘ನೋಡೋಣಮ್ಮ’ ಎನ್ನುತ್ತಾರೆ.

ರುಕ್ಮಿಣಿ ಅತ್ತೆ: ಸರಿ ಅಣ್ಣ. ಓಟು ಮಾತ್ರ ನಾನು ಅವರಿಗೇ ಹಾಕೋದು. ಆ ರಾತ್ರಿ ಫೋನ್ ಎತ್ತಿದ ಋಣ ಐತೆ.

ಮಧು: ಅತ್ತೆ, ಓಟು ಗ್ಯಾರಂಟಿ ಅಂತ ಗೊತ್ತಾದ್ಮೇಲೆ ಅವರು ಯಾಕೆ ಸಭೆ ಕರೀತಾರೆ?

ರುಕ್ಮಿಣಿ ಅತ್ತೆ: ಅವರಿಗೆ ಯಾರ್ ಹೇಳ್ತಾರೆ? ಸತೀಶ, ನೀನು ಬಾಯಿ ಮುಚ್ಕೊಂಡಿರ್ಬೇಕು ಅಷ್ಟೇ.