ಪದಚರ್ಚೆ: ಬಿಗಿದಾಗ ಸಂದಿನಿಂದ ಹೊರಬರುವ ಅಂಟಿಗೆ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಗಿಟಾರು ಕಟ್ಟುವುದನ್ನು ಕಲಿಸುವ ಒಂದು ಸಣ್ಣ ಕಾರ್ಯಾಗಾರದ ಗೋಡೆಗೆ ಹಾಕುವ ಸೂಚನಾಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕು. ಅಂಟು ಸವರಿದ ಎರಡು ಮರದ ತುಂಡುಗಳನ್ನು ಜೋಡಿಸಿ, ಅವನ್ನು ಒತ್ತಿ ಹಿಡಿಯುವ ಕ್ಲಾಂಪು ಬಿಗಿದಾಗ ಸಂದಿನ ಉದ್ದಕ್ಕೂ ಅಂಟು ಹೊರಕ್ಕೆ ಬಂದು ಸಾಸಿವೆ ಕಾಳು ಪೋಣಿಸಿದಂತೆ ನಿಲ್ಲುತ್ತದೆ. ಇಂಗ್ಲಿಷಿನವರು ಅದನ್ನು ಸ್ಕ್ವೀಜ್-ಔಟ್ ಎನ್ನುತ್ತಾರೆ. ನನಗೆ ಬೇಕಾಗಿರುವುದು ಅದಕ್ಕೊಂದು ನಾಮಪದ.

ಮೊದಲ ಕರಡಿನಲ್ಲಿ “ಹೆಚ್ಚುವರಿ ಅಂಟನ್ನು ಕೂಡಲೇ ಒರೆಸಿ” ಎಂದು ಬರೆದಿದ್ದೆ. ಆ ಕರಡನ್ನು ಕೆಲವು ದಿನ ಅಲ್ಲಿ ತೂಗುಹಾಕಿದ್ದರು. ಅದನ್ನು ಓದಿದ ಒಬ್ಬ ವಿದ್ಯಾರ್ಥಿ ಅಂಟು ಹೆಚ್ಚಾಗಬಾರದೆಂದು ತೀರ ತೆಳ್ಳಗೆ ಸವರಿದ. ಮೇಲ್ಹಲಗೆಯ ಒಳಗಿನ ಆಧಾರಪಟ್ಟಿ ಎರಡು ವಾರಗಳಲ್ಲಿ ತುದಿಯಿಂದ ಎದ್ದುಬಂತು. ಇನ್ನೊಬ್ಬಳು ಒದ್ದೆ ಬಟ್ಟೆಯಿಂದ ಒರೆಸಿದಳು. ನೀರಾದ ಅಂಟು ಸ್ಪ್ರೂಸ್ ಮರದ ರಂಧ್ರಗಳಿಗೆ ಇಳಿದು, ಬಣ್ಣ ಹಚ್ಚಿದಾಗ ಅಷ್ಟು ಜಾಗ ಮಾತ್ರ ಬಿಳಿಚಿಕೊಂಡು ಉಳಿಯಿತು. ಇಬ್ಬರೂ ನನ್ನ ವಾಕ್ಯವನ್ನು ಸರಿಯಾಗಿಯೇ ಪಾಲಿಸಿದ್ದರು, ತಪ್ಪು ವಾಕ್ಯದಲ್ಲಿತ್ತು. ದಯವಿಟ್ಟು ಸೂಕ್ತ ಪದವನ್ನು ತಿಳಿಸಿ.

ಮೊದಲ ಉತ್ತರ

“ಹೆಚ್ಚಂಟು” ಎಂದರೆ ಮುಗಿಯಿತು. ಹೆಚ್ಚು ಮತ್ತು ಅಂಟು ಎರಡೂ ಅಚ್ಚಗನ್ನಡ, ಸಂಧಿಯೂ ಸರಿಯಾಗಿದೆ. ಇದಕ್ಕೆ ಚರ್ಚೆಯ ಅಗತ್ಯ ಕಾಣುವುದಿಲ್ಲ. ಫಲಕದಲ್ಲಿ ಅಂಟಿಗೆ ಸರೇಸು, ಗೋಂದು ಎಂಬ ಪದಗಳು ಇದ್ದರೆ ಅವನ್ನೂ ತೆಗೆದುಹಾಕಿ. ಮೊದಲನೆಯದು ಪಾರಸಿಯಿಂದ ಬಂದದ್ದು, ಎರಡನೆಯದು ಉತ್ತರದ ಭಾಷೆಗಳಿಂದ ಬಂದದ್ದು.

ಎರಡನೆಯ ಉತ್ತರ

ಹಿಂದಿನವರು ಸರೇಸನ್ನು ತೆಗೆಯಿರಿ ಎಂದರೇ ಹೊರತು ಅದರ ಜಾಗದಲ್ಲಿ ಏನು ಬರಬೇಕೆಂದು ಹೇಳಲಿಲ್ಲ. ಬಡಗಿಗಳ ಅಂಟಿಗೆ ನಮ್ಮಲ್ಲಿ “ಮರವಜ್ರ” ಎಂಬ ಪದವಿದೆ, ತಮಿಳಿನಲ್ಲಿಯೂ ವಜ್ಜಿರವೆಂದೇ ಹೇಳುತ್ತಾರೆ. ಇದರ ಬೇರು ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಲೇಪದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರನೆಯ ಶತಮಾನದ ಆ ಗ್ರಂಥದಲ್ಲಿ ತೂಬರೆಕಾಯಿ, ಬೇಲದಕಾಯಿ, ಬೂರುಗದ ಹೂವು ಮುಂತಾದುವನ್ನು ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸುವ ಲೇಪವಲ್ಲದೆ, ಹಸು, ಎಮ್ಮೆ, ಮೇಕೆಗಳ ಕೊಂಬು ಮತ್ತು ತೊಗಲಿನಿಂದ ಮಾಡುವ ಇನ್ನೊಂದು ಅಂಟೂ ಇದೆ. ಪಿಟೀಲು ಮಾಡುವವರು ಇಂದಿಗೂ ಬಳಸುವ ತೊಗಲಂಟು ಇದೇ ಜಾತಿಯದು. ಆದ್ದರಿಂದ ಹೊರಬಂದ ಅಂಟನ್ನು “ವಜ್ರನಿರ್ಯಾಸ” ಎಂದು ಕರೆಯುವುದೇ ಶಾಸ್ತ್ರೀಯವಾದ ಕ್ರಮ.

ಮೂರನೆಯ ಉತ್ತರ

ಮಾನ್ಯರೇ, ನಾನು ಪಿಟೀಲು ಮತ್ತು ವೀಣೆಗಳನ್ನು ದುರಸ್ತಿ ಮಾಡುವವನು. ನಿರ್ಯಾಸವೆಂದರೆ ಗಿಡಮರಗಳಿಂದ ಸುರಿದು ಗಟ್ಟಿಯಾದ ಅಂಟು. ಅದು ವಸ್ತುವಿನ ಹೆಸರು, ಕ್ಲಾಂಪಿನ ಒತ್ತಡಕ್ಕೆ ಹೊರಬಂದದ್ದನ್ನು ಅದು ಸೂಚಿಸುವುದಿಲ್ಲ. ವಜ್ರ ಎಂಬ ಪದದಲ್ಲಿಯೂ ನನಗೊಂದು ತೊಡಕು ಕಾಣುತ್ತದೆ. ವಜ್ರಲೇಪದ ಹೆಗ್ಗಳಿಕೆ ಅದು ಎಂದೂ ಬಿಡುವುದಿಲ್ಲ ಎಂಬುದು. ಪಿಟೀಲಿನ ಮೇಲ್ಹಲಗೆಗೆ ನಾವು ತೊಗಲಂಟನ್ನೇ, ಅದರಲ್ಲಿಯೂ ತೆಳು ಮಾಡಿದ್ದನ್ನೇ ಹಚ್ಚುವುದು ಮುಂದೆ ಬೇಕಾದಾಗ ಬಿಸಿ ತೇವದಿಂದ ಅದನ್ನು ಬಿಡಿಸಲು ಬರಲಿ ಎಂದು. ವೀಣೆಗೆ ಮೇಳ ಕಟ್ಟುವಾಗ ಕಪ್ಪು ಬೆರೆಸಿದ ಜೇನುಮೇಣದಲ್ಲಿ 24 ಮೆಟ್ಟಿಲುಗಳನ್ನು ಕೂರಿಸುತ್ತೇವೆ. ಅಲ್ಲಿಯೂ ಮೇಣ ಪಕ್ಕಕ್ಕೆ ಏಳುತ್ತದೆ, ಆದರೆ ಆ ಮೇಣವೇ ಮೆಟ್ಟಿಲಿನ ಪೀಠವಾದ್ದರಿಂದ ಅದನ್ನು ಕತ್ತರಿಸಿ ರೂಪ ಕೊಡುತ್ತೇವೆಯೇ ಹೊರತು ತೆಗೆದುಹಾಕುವುದಿಲ್ಲ.

“ಹೆಚ್ಚಂಟು” ಎಂಬುದಂತೂ ವಿಷಯವನ್ನೇ ತಲೆಕೆಳಗು ಮಾಡುತ್ತದೆ. ಸಂದಿನ ಉದ್ದಕ್ಕೂ ಸಣ್ಣ ಹನಿಗಳು ಸಮನಾಗಿ ಕಾಣಿಸಿಕೊಂಡರೆ ಅಂಟು ಸಾಕಷ್ಟು ಬಿದ್ದಿದೆ, ಬಿಗಿತವೂ ಸಮನಾಗಿದೆ ಎಂದರ್ಥ. ಹನಿಯೇ ಕಾಣದ ಕಡೆ ಸಂದು ಬರಿದಾಗಿರುವ ಸಂಭವವಿದೆ. ಇದು ತಪ್ಪಿನಿಂದ ಆದ ಹೆಚ್ಚಳವಲ್ಲ, ಕೆಲಸ ಸರಿಯಾಗಿದೆ ಎನ್ನುವ ಗುರುತು. ನಾನು “ಒಸರು” ಎನ್ನುತ್ತೇನೆ. ಗೋಡೆ ನೀರೊಸರುವುದು, ಗಾಯ ಒಸರುವುದು ಎಲ್ಲರಿಗೂ ಗೊತ್ತು. ಕಿಟ್ಟೆಲರ 1894ರ ಕೋಶದಲ್ಲಿಯೂ ಈ ಧಾತು ಇದೆ.

ಮೊದಲ ಉತ್ತರ ಬರೆದವರಿಂದ

ಒಸರು ಒಪ್ಪತಕ್ಕ ಪದ. ಕ್ಲಾಂಪು ಒಪ್ಪತಕ್ಕದ್ದಲ್ಲ. ಅದನ್ನು “ಬಿಗಿಹಿಡಿ” ಎನ್ನಿ. ಎರವಲು ಪದಗಳೇ ತುಂಬಿದ ಫಲಕವನ್ನು ಕನ್ನಡ ಫಲಕವೆಂದು ಹೇಗೆ ಕರೆಯುವುದು?

ಪ್ರಶ್ನೆ ಕೇಳಿದವರಿಂದ

ಮಾನ್ಯರೇ, ಎಲ್ಲರಿಗೂ ಕೃತಜ್ಞತೆಗಳು. ಒಸರು ಎಂಬುದು ಕೇವಲ ಧಾತುವಾಗಿ ನಿಲ್ಲದೆ ವಸ್ತುವನ್ನೂ ಸೂಚಿಸಲೆಂದು “ಒಸರಂಟು” ಎಂದು ಇಟ್ಟುಕೊಳ್ಳುತ್ತೇನೆ. ಇಡುಗಂಟು, ಸುಡುಗಾಡು ಎಂಬಲ್ಲಿ ಇರುವ ಸಮಾಸವೇ ಇಲ್ಲಿಯೂ ಇದೆ. ಇದರಲ್ಲಿ ಹೆಚ್ಚು ಕಡಿಮೆಯ ಮಾತಿಲ್ಲದಿರುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರಿತು.

ಬಿಗಿಹಿಡಿಯನ್ನು ಮಾತ್ರ ಒಪ್ಪಲಾರೆ. ಆ ಕಾರ್ಯಾಗಾರದಲ್ಲಿ ಒಂದೊಂದು ಗಿಟಾರಿನ ಮೇಲೆ ಹತ್ತಾರು ಕ್ಲಾಂಪುಗಳು ಕೂತಿರುತ್ತವೆ, “ಆ ಕ್ಲಾಂಪು ಕೊಡು” ಎಂದು ಬಡಗಿಗಳು ದಿನವಿಡೀ ಕೂಗುತ್ತಾರೆ. ಅಂಟು ಒಣಗುವ ಮುನ್ನ ಓದಿ ಮುಗಿಸಬೇಕಾದ ಫಲಕದಲ್ಲಿ ಯಾರ ಬಾಯಲ್ಲಿಯೂ ಇಲ್ಲದ ಪದವನ್ನು ಇಡುವುದು ಓದುವವನಿಗೆ ಮಾಡುವ ಅನ್ಯಾಯ. ಪಿಟೀಲು ಎಂಬ ಹೆಸರು ಇಂಗ್ಲಿಷಿನ ಫಿಡಲ್‌ನಿಂದ ಬಂದದ್ದು. ಅದನ್ನು ಹೊರಗಿಡಬೇಕೆಂದು ನಮ್ಮಲ್ಲಿ ಯಾರೂ ಕೇಳಿಲ್ಲ. ಹೆಸರೇ ಇಲ್ಲದ ಕಡೆ ಹೊಸದು ಕಟ್ಟೋಣ. ಕ್ಲಾಂಪಿಗೂ ಸರೇಸಿಗೂ ಹೆಸರಿದೆ.

ಕ್ರಿಯಾಪದದ ವಿಷಯವೂ ಇತ್ಯರ್ಥವಾಯಿತು. “ಒರೆಸು” ಹೋಯಿತು, “ಎತ್ತು” ಬಂತು. ಬಡಗಿಗಳ ಬಿಳಿಯ ಅಂಟನ್ನು ಬಳಸಿದಾಗ ಇಪ್ಪತ್ತು ಮೂವತ್ತು ನಿಮಿಷ ಬಿಟ್ಟರೆ ಹನಿಗಳು ಕೆನೆಗಟ್ಟಿ ರಬ್ಬರಿನ ಹದಕ್ಕೆ ಬರುತ್ತವೆ. ಆಗ ಉಳಿಯ ಬಾಯಿಗೆ ಅವು ಎಳೆಯಾಗಿ ಎದ್ದುಬರುತ್ತವೆ, ಮರದೊಳಕ್ಕೆ ಇಳಿಯುವುದಿಲ್ಲ. ಆಧಾರಪಟ್ಟಿಯ ಮೂಲೆಗೆ ಉಳಿ ಹೋಗದಿದ್ದರೆ ಪಾನೀಯದ ಸ್ಟ್ರಾ ಒಂದರ ತುದಿಯನ್ನು ಓರೆಯಾಗಿ ಕತ್ತರಿಸಿ ಮೂಲೆಯುದ್ದಕ್ಕೂ ನೂಕುತ್ತಾರೆ. ಸ್ಟ್ರಾ ಮೂಲೆಯ ಆಕಾರಕ್ಕೆ ಮಡಿಚಿಕೊಂಡು, ಅಂಟು ಅದರೊಳಗೆ ಏರಿ ಕೂರುತ್ತದೆ.

ಫಲಕಕ್ಕೆ ಹೋಗುತ್ತಿರುವ ಪಾಠ ಹೀಗಿದೆ: “ಕ್ಲಾಂಪು ಬಿಗಿದ ಮೇಲೆ ಸಂದಿನ ಉದ್ದಕ್ಕೂ ಒಸರಂಟು ಸಮನಾಗಿ ಕಾಣಬೇಕು. ಕಾಣದಿದ್ದರೆ ಕೂಡಲೇ ಬಿಚ್ಚಿ ಮತ್ತೆ ಅಂಟು ಸವರಿ. ಒಸರಂಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕೆನೆಗಟ್ಟಿದ ಮೇಲೆ ಉಳಿಯಿಂದ ಎತ್ತಿ. ಮೂಲೆಗಳಲ್ಲಿ ಸ್ಟ್ರಾ ಬಳಸಿ.” ತೊಗಲಂಟಿನ ಮೇಜಿನ ಮೇಲೆ ಬೇರೆ ಫಲಕ ಬೇಕಾಗುತ್ತದೆ, ಏಕೆಂದರೆ ಅಲ್ಲಿ ಒಸರಂಟನ್ನು ಬಿಸಿನೀರಿನಿಂದ ತೊಳೆದು ತೆಗೆಯಲು ಬರುತ್ತದೆ. ಆ ಪಾಠವನ್ನು ಮುಂದಿನ ವಾರ ಇಲ್ಲಿಯೇ ಕಳುಹಿಸುತ್ತೇನೆ. ಇದರಲ್ಲಿ ವ್ಯಾಕರಣದೋಷ ಕಂಡರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕೆಂದು ಕೋರುತ್ತೇನೆ.