ಪದಚರ್ಚೆ: ಬ್ಯಾಬಿಲೋನಿನ ‘ಸೆರೆ’ – ಸೆರೆಯೋ, ಗಡಿಪಾರೋ, ವಲಸೆಯೋ?

ಪ್ರಶ್ನೆ:

ನಮಸ್ಕಾರ. ಕ್ರಿಸ್ತಪೂರ್ವದ ಯೆಹೂದ್ಯರ ಇತಿಹಾಸದ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಾಠ ಸಿದ್ಧವಾಗುತ್ತಿದೆ. ಬ್ಯಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಜನರನ್ನು ಬ್ಯಾಬಿಲೋನಿಗೆ ಒಯ್ದದ್ದಕ್ಕೆ ಕರಡಿನಲ್ಲಿ ಒಂದು ಕಡೆ ‘ಸೆರೆ’, ಇನ್ನೊಂದು ಕಡೆ ‘ಗಡಿಪಾರು’, ಮತ್ತೊಂದು ಕಡೆ ‘ವಲಸೆ’ ಎಂದಿದೆ. ಯಾವುದನ್ನು ಉಳಿಸಿಕೊಳ್ಳುವುದು? ಇನ್ನೆರಡು ಪ್ರಶ್ನೆ: ಪರ್ಷಿಯನ್ನರ ಕಾಲದ ‘ಪೆಹಾ’ ಎಂಬ ಅಧಿಕಾರಿಯನ್ನು ‘ಸತ್ರಪ’ ಎನ್ನಬಹುದೆ? ಬೈಬಲಿನ ಎಜ್ರನ ಗ್ರಂಥದಲ್ಲಿ ಒಟ್ಟೊಟ್ಟಿಗೆ ಬರುವ ಮೂರು ತೆರಿಗೆಗಳಿಗೆ ಕನ್ನಡದಲ್ಲಿ ಮೂರು ಬೇರೆ ಪದಗಳಿವೆಯೆ?

ಉತ್ತರ 1:

ಒಂದೇ ಪದ ಹುಡುಕುತ್ತಿರುವುದರಿಂದಲೇ ತೊಡಕಾಗಿದೆ. ಜನರನ್ನು ಒಯ್ದದ್ದು ಒಂದು, ಅಲ್ಲಿ ಅವರು ಬದುಕಿದ ಸ್ಥಿತಿ ಇನ್ನೊಂದು, ಹಾಗೆ ಹೋದ ಜನಸಮೂಹ ಮೂರನೆಯದು. ಹೀಬ್ರೂ ಭಾಷೆ ಇವನ್ನು ಬೇರೆಬೇರೆಯಾಗಿಯೇ ಹೇಳುತ್ತದೆ. ಯುದ್ಧದಲ್ಲಿ ಹಿಡಿದೊಯ್ಯುವುದು ‘ಶೆವಿ’, ಪರದೇಶದಲ್ಲಿರುವ ಸ್ಥಿತಿ ‘ಗಾಲೂತ್’, ಆ ಜನರು ‘ಗೋಲಾ’. ಇವುಗಳ ಜೊತೆಗೆ ‘ಬೇತ್ ಕೆಲೆ’ ಎಂಬ ಮಾತೂ ಇದೆ. ಅದು ಬಾಗಿಲು, ಕಾವಲು ಇರುವ ನಿಜವಾದ ಬಂದೀಖಾನೆ.

ನಾಲ್ಕಕ್ಕೂ ‘ಸೆರೆ’ ಎಂದರೆ ಏನಾಗುತ್ತದೆಂದು ಯೆಹೂದದ ರಾಜ ಯೆಹೋಯಾಕೀನನ ಕಥೆಯಲ್ಲಿ ನೋಡಿ. ಕ್ರಿ.ಪೂ. 597ರ ಮಾರ್ಚ್‌ನಲ್ಲಿ ಯೆರೂಸಲೇಮ್ ಶರಣಾಯಿತು. ಪಟ್ಟಕ್ಕೆ ಬಂದು 3 ತಿಂಗಳಷ್ಟೇ ಆಗಿದ್ದ ಈ ರಾಜನನ್ನೂ ಅವನ ತಾಯಿಯನ್ನೂ ಒಯ್ದರು. ಬ್ಯಾಬಿಲೋನಿನ ಅರಮನೆಯಲ್ಲಿ ಸಿಕ್ಕ ಕ್ರಿ.ಪೂ. 592ರ ಮಣ್ಣಿನ ಫಲಕವೊಂದು ಎಣ್ಣೆಯ ಪಡಿತರದ ಲೆಕ್ಕ. ಅದರಲ್ಲಿ ‘ಯೆಹೂದದ ರಾಜ’ ಎಂದೇ ಅವನ ಹೆಸರಿದೆ. ಅವನ 5 ಗಂಡುಮಕ್ಕಳಿಗೆ ಒಟ್ಟು 2½ ಸಿಲಾ, ಅಂದರೆ ತಲೆಗೆ ಅರ್ಧ ಸಿಲಾ. ಒಂದು ಸಿಲಾ ಲೀಟರಿಗೆ ತುಸು ಕಡಿಮೆ. ರಾಜನೆಂಬ ಬಿರುದು ಉಳಿದಿದೆ, ಮಕ್ಕಳು ಜೊತೆಗಿದ್ದಾರೆ, ಉಗ್ರಾಣದಿಂದ ಎಣ್ಣೆ ಬರುತ್ತಿದೆ. ಬೈಬಲಿನ ಅರಸುಗಳ ಗ್ರಂಥದ ಕೊನೆಯಲ್ಲಿ, ಒಯ್ದ 37ನೇ ವರ್ಷದಲ್ಲಿ, ನೆಬೂಕದ್ನೆಚ್ಚರನ ಮಗ ಅವನನ್ನು ‘ಬೇತ್ ಕೆಲೆ’ಯಿಂದ ಬಿಡಿಸಿ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಕೊಂಡ. ಇಲ್ಲೂ ‘ಸೆರೆಯಿಂದ ಬಿಡಿಸಿದ’ ಎಂದು ಬರೆದರೆ, ಬ್ಯಾಬಿಲೋನಿನ ವಾಸವೇ ಮುಗಿಯಿತು, ರಾಜ ಊರಿಗೆ ಮರಳಿದ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಅದು ತಪ್ಪು. ರಾಜ ಬ್ಯಾಬಿಲೋನಿನಲ್ಲೇ ಉಳಿದ. ಉಳಿದ ಜನರ ಪರದೇಶವಾಸವೂ ಮುಂದುವರಿಯಿತು. ಪರ್ಷಿಯದ ಅರಸ ಸೈರಸ್ ಬ್ಯಾಬಿಲೋನನ್ನು ಗೆದ್ದದ್ದೇ ಕ್ರಿ.ಪೂ. 539ರಲ್ಲಿ.

‘ಗಡಿಪಾರು’ ಇನ್ನೂ ದೂರದ ಪದ. ನಮ್ಮಲ್ಲಿ ಅದು ಪೊಲೀಸ್ ಕಾಯ್ದೆಯ ಮಾತು: ಒಬ್ಬ ವ್ಯಕ್ತಿಯನ್ನು ಜಿಲ್ಲೆಯ ಗಡಿಯಿಂದ ಆಚೆಗೆ ಹಾಕುತ್ತಾರೆ, ಆಮೇಲೆ ಅವನು ಎಲ್ಲಿರುತ್ತಾನೆ ಎಂಬುದು ಅವನಿಗೇ ಬಿಟ್ಟದ್ದು. ಬ್ಯಾಬಿಲೋನಿಯರು ಮಾಡಿದ್ದು ಇದಕ್ಕೆ ತಿರುಗಾಮುರುಗ. ಎಲ್ಲಿಗೆ ಒಯ್ಯಬೇಕೆಂಬುದೇ ಅವರಿಗೆ ಮುಖ್ಯ. ಬೇಕಾದ ಜನರನ್ನು ಆರಿಸಿಕೊಂಡು, ಬೇಕಾದ ಜಾಗದಲ್ಲಿ ನೆಲೆಗೊಳಿಸಿದರು. ಬಡಗಿಗಳು, ಕಮ್ಮಾರರು, ಸೈನಿಕರು, ಅರಮನೆಯವರು ಹೋದರು. ದ್ರಾಕ್ಷಿತೋಟ ನೋಡಿಕೊಳ್ಳಲು, ಉಳಲು ಬಡವರನ್ನು ಅಲ್ಲೇ ಬಿಟ್ಟರು. ‘ವಲಸೆ’ಯಲ್ಲಂತೂ ಬಲಾತ್ಕಾರವೇ ಕಾಣುವುದಿಲ್ಲ. ಬರಗಾಲಕ್ಕೆ ಗುಳೆ ಹೋದವರಿಗೂ ವಲಸೆ ಎನ್ನುತ್ತೇವೆ, ಕೆಲಸಕ್ಕೆ ಬೇರೆ ದೇಶಕ್ಕೆ ಹೋದವರಿಗೂ ವಲಸೆ ಎನ್ನುತ್ತೇವೆ.

ನನ್ನ ಸೂಚನೆ: ಕ್ರಿಯೆಗೆ ‘ಒಕ್ಕಲೆಬ್ಬಿಸಿ ಒಯ್ದರು’. ‘ಒಕ್ಕಲು’ ಎಂದರೆ ನಮ್ಮಲ್ಲಿ ಮನೆತನವೂ ಹೌದು, ಒಡೆಯನ ನೆಲವನ್ನು ಉಳುವ ರೈತನೂ ಹೌದು. ಬ್ಯಾಬಿಲೋನಿನ ಕಥೆಯಲ್ಲಿ ಎರಡೂ ಅರ್ಥ ಬೇಕಾಗುತ್ತವೆ. ಒಯ್ದವರಲ್ಲಿ ಹಲವರು ಬ್ಯಾಬಿಲೋನಿಯಾದ ನಿಪ್ಪೂರ್ ನಗರದ ಆಸುಪಾಸಿನ ನಾಡಿನಲ್ಲಿ ರಾಜನ ನೆಲಕ್ಕೆ ಒಕ್ಕಲಾದರು. ಅವರ ಊರಿನ ಹೆಸರೇ ‘ಆಲ್-ಯಾಹೂದು’, ಯೆಹೂದದ ಊರು. ಆ ಊರಿನ ದಾಖಲೆಗಳು ಕ್ರಿ.ಪೂ. 572ರಿಂದ 477ರವರೆಗಿನವು ಸಿಕ್ಕಿವೆ. ಕ್ರಿ.ಪೂ. 572ರ ಫಲಕದಲ್ಲಿ ‘ಯೆಹೂದ್ಯರ ಊರು’ ಎಂದಿದ್ದದ್ದು ಮುಂದೆ ಬರೀ ‘ಯೆಹೂದದ ಊರು’ ಆಗುತ್ತದೆ. ಜನರ ಹೆಸರು ನೆಲದ ಹೆಸರಾಗಿ ಕೂತುಬಿಟ್ಟಿದೆ. ಫಲಕಗಳ ತುಂಬ ಬಾರ್ಲಿ, ಖರ್ಜೂರ, ಬಾಕಿ, ಸಾಲ, ಸಾಕ್ಷಿಗಳು. ಬಂದೀಖಾನೆಯ ಬದುಕು ಇದಲ್ಲ. ಆದರೆ ಬೇಸರವಾದರೆ ಎದ್ದು ಹೋಗುವ ಸ್ವಾತಂತ್ರ್ಯವೂ ಅಲ್ಲ, ನೆಲದ ಜೊತೆಗೆ ತೆರಿಗೆ, ಊಳಿಗ ಕಟ್ಟಿಕೊಂಡೇ ಬಂದಿವೆ.

ಗ್ರೀಕ್ ಭಾಷೆಯೂ ಇದೇ ದಾರಿ ಹಿಡಿದದ್ದನ್ನು ಗಮನಿಸಬೇಕು. ಮತ್ತಾಯನ ಸುವಾರ್ತೆಯ ವಂಶಾವಳಿಯಲ್ಲಿ ಈ ಘಟನೆಗಿರುವ ಪದ ‘ಮೆತೊಯ್ಕೆಸಿಯಾ’. ‘ಓಯ್ಕೊಸ್’ ಎಂದರೆ ಮನೆ. ಒಟ್ಟು ಅರ್ಥ ನೆಲೆ ಬದಲಾದದ್ದು.

ಸ್ಥಿತಿಗೆ ‘ಪರದೇಶವಾಸ’ ಸಾಕು. ‘ವನವಾಸ’ ಎಂದು ಬರೆಯುವ ಆಸೆ ಬರುತ್ತದೆ, ಕರಡಿನಲ್ಲಿ ಎಲ್ಲೋ ಇರಲೂಬಹುದು. ದಯವಿಟ್ಟು ತೆಗೆದುಬಿಡಿ. ವನವಾಸಕ್ಕೆ ಮೊದಲೇ ಗೊತ್ತಾದ 14 ವರ್ಷವಿದೆ, ಮರಳಿದಾಗ ಕಾಯುವ ಸಿಂಹಾಸನವಿದೆ. ಬ್ಯಾಬಿಲೋನಿಗೆ ಒಯ್ದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದ ಧಾಟಿಯೇ ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ. ಅನೇಕ ಕುಟುಂಬಗಳು ಅಲ್ಲೇ ಬೇರು ಬಿಟ್ಟವು, ಮರಳಲೇ ಇಲ್ಲ.

ಒಯ್ದವರ ಸಂಖ್ಯೆ ಕೊಡುವಾಗಲೂ ಎಚ್ಚರ. ಅರಸುಗಳ ಗ್ರಂಥ ಒಂದೇ ಅಧ್ಯಾಯದಲ್ಲಿ 10,000 ಎಂದೂ, 7,000 ಯೋಧರು ಮತ್ತು 1,000 ಕುಶಲಕರ್ಮಿಗಳು ಎಂದೂ ಹೇಳುತ್ತದೆ. ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯ 3 ಕಂತಿನಲ್ಲಿ 3,023, 832, 745 ಎಂದು ಎಣಿಸಿ ಒಟ್ಟು 4,600 ಎನ್ನುತ್ತದೆ. ಇವನ್ನು ಕೂಡಿಸಿ ಒಂದು ಮೊತ್ತ ಮಾಡಬಾರದು, ಮೂಲದ ಹೆಸರಿನೊಂದಿಗೆ ಬೇರೆಬೇರೆಯಾಗಿಯೇ ಕೊಡಿ.

ಉತ್ತರ 2:

ಮೇಲಿನ ಸಲಹೆಗೆ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ‘ಸೆರೆ’ಯನ್ನು ಪೂರ್ತಿ ಕೈಬಿಡಬೇಡಿ. ಹಳಗನ್ನಡದ ‘ಸೆಱೆ’, ತಮಿಳಿನ ‘ಸಿಱೈ’, ತೆಲುಗಿನ ‘ಚೆಱ’ ಒಂದೇ ಬೇರಿನವು. ಮೂರು ಭಾಷೆಗಳ ಬೈಬಲ್ ಓದುಗರಿಗೂ ಈ ಘಟನೆ ಆ ಪದದಲ್ಲೇ ಪರಿಚಿತ. ‘ಸೆರೆ ಹಿಡಿ’, ‘ಸೆರೆಯಾಳು’ ಎನ್ನುವಾಗ ಯುದ್ಧದ ಹಿಡಿತವಿದೆ, ಜೈಲಿನ ಗೋಡೆಯಿಲ್ಲ. ಹಾಗಾಗಿ 597ರಲ್ಲಿ ರಾಜಪರಿವಾರವನ್ನು ‘ಸೆರೆಯೊಯ್ದರು’ ಎನ್ನಿ, ಪರವಾಗಿಲ್ಲ. 50 ವರ್ಷದ ಮೇಲೆ ಅಲ್ಲೇ ಹುಟ್ಟಿ ಖರ್ಜೂರದ ತೋಟ ನೋಡಿಕೊಳ್ಳುತ್ತಿದ್ದವನನ್ನು ‘ಸೆರೆಯಾಳು’ ಎನ್ನಬೇಡಿ.

‘ಗೋಲಾ’ಗೆ ಒಂದು ಮಾತು ಸೇರಿಸಬೇಕು, ಕರಡಿನಲ್ಲಿ ಹೆಚ್ಚು ಎಡವುವುದು ಇಲ್ಲೇ. ಎಜ್ರನ ಗ್ರಂಥದಲ್ಲಿ ಯೆರೂಸಲೇಮಿಗೆ ಮರಳಿ ಬಂದು ದೇವಾಲಯ ಕಟ್ಟುತ್ತಿರುವವರನ್ನೂ ‘ಬ್ನೇ ಹಗೋಲಾ’ ಎಂದೇ ಕರೆದಿದೆ. ‘ಸೆರೆಯವರು ದೇವಾಲಯ ಕಟ್ಟಿದರು’ ಎಂದು ಬರೆದರೆ ಕೈದಿಗಳಿಂದ ಕೆಲಸ ಮಾಡಿಸಿದಂತೆ ಕೇಳುತ್ತದೆ. ‘ಬ್ಯಾಬಿಲೋನಿನಿಂದ ಮರಳಿದ ಮನೆತನದವರು’ ಎಂದು ಬಿಡಿಸಿ ಹೇಳಿ. ಅವರೆದುರಿಗೆ ‘ಅಮ್ ಹಾಆರೆತ್ಸ್’ ಎಂದು ಬರುತ್ತದಲ್ಲ, ಅದು ‘ನೆಲದ ಜನ’. ಈ ಎರಡು ಗುಂಪಿನ ಜಗಳವೇ ಆ ಗ್ರಂಥದ ಬಹುಪಾಲು, ಹೆಸರು ಮಸುಕಾದರೆ ಜಗಳವೂ ಅರ್ಥವಾಗುವುದಿಲ್ಲ.

ಈಗ ‘ಪೆಹಾ’. ಮೊದಲಿಗೆ ‘ಸತ್ರಪ’ ಬೇಡ, ನಮ್ಮಲ್ಲಿ ‘ಕ್ಷತ್ರಪ’ ಇದೆ. ಗೌತಮೀಪುತ್ರ ಶಾತಕರ್ಣಿಗೆ ಸೋತ ನಹಪಾನ ಕ್ಷತ್ರಪನೆಂದು ನಾವೆಲ್ಲ ಓದಿದವರೇ. ಅದೂ ಗ್ರೀಕರ ‘ಸತ್ರಪ’ವೂ ಎಸ್ತೇರಳ ಗ್ರಂಥದ ‘ಅಹಷ್ದರ್ಪೆನ್’ ಕೂಡ ಹಳೆಯ ಇರಾನಿನ ಒಂದೇ ಪದದಿಂದ ಬಂದವು, ‘ನಾಡು ಕಾಯುವವನು’ ಎಂದರ್ಥ. ಆದರೆ ಪೆಹಾ ಕ್ಷತ್ರಪನಲ್ಲ. ಪೆಹಾ ಬ್ಯಾಬಿಲೋನಿಯರ ಭಾಷೆಯಾದ ಅಕ್ಕಾಡಿಯನ್ ಮೂಲದ ಪದ, ಮೇಲಿನವನಿಗೂ ಕೆಳಗಿನವನಿಗೂ ಬಳಸುತ್ತಿದ್ದರು. ‘ನದಿಯಾಚೆ’ ಎಂಬ ದೊಡ್ಡ ಪ್ರಾಂತದ ತತ್ತೆನೈ ಪೆಹಾ, ಅದರೊಳಗಿನ ಪುಟ್ಟ ಯೆಹೂದ ಸೀಮೆಯ ಜೆರುಬ್ಬಾಬೆಲನೂ ಪೆಹಾ, ಕ್ರಿ.ಪೂ. 445ರಿಂದ 12 ವರ್ಷ ಅಧಿಕಾರ ನಡೆಸಿದ ನೆಹೆಮೀಯನೂ ಪೆಹಾ. ‘ಕ್ಷತ್ರಪ ನೆಹೆಮೀಯ’ ಎಂದರೆ ತಹಸೀಲ್ದಾರರನ್ನು ರಾಜ್ಯಪಾಲರೆಂದಂತೆ. ‘ಸೀಮೆಯ ಅಧಿಪತಿ’ ಎನ್ನಿ. ತತ್ತೆನೈಗೆ ‘ಪ್ರಾಂತಾಧಿಪತಿ’ ಎಂದು ಮೇಲಿಡಿ.

‘ನದಿಯಾಚೆ’ಯೂ ಮೋಸಗೊಳಿಸುವ ಹೆಸರು. ನದಿ ಯೂಫ್ರಟಿಸ್, ಹೆಸರಿಟ್ಟವರು ಮೆಸೊಪಟೇಮಿಯಾದಲ್ಲಿ ಕೂತವರು. ಅವರಿಗೆ ಆಚೆ ಎಂದರೆ ಪಶ್ಚಿಮ: ಸಿರಿಯಾ, ಫಿನೀಷಿಯಾ, ಯೆಹೂದ. ಯೆರೂಸಲೇಮಿನಲ್ಲಿ ನಿಂತು ಓದಿದವರು ನಕ್ಷೆಯಲ್ಲಿ ಪೂರ್ವಕ್ಕೆ ಗುರುತು ಹಾಕಿಬಿಡುತ್ತಾರೆ. ಪದದ ಪಕ್ಕದಲ್ಲೇ ‘ಯೂಫ್ರಟಿಸಿನ ಪಶ್ಚಿಮಕ್ಕೆ’ ಎಂದು ಬರೆದುಬಿಡಿ.

ತೆರಿಗೆಗಳು ಮೂರು: ‘ಮಿಂದಾ’, ‘ಬೆಲೋ’, ‘ಹಲಾಖ್’. ಮೂರೂ ಅಕ್ಕಾಡಿಯನ್‌ನಿಂದ ಅರಾಮಿಕ್‌ಗೆ ಬಂದವು, ಮೂಲದ ಧಾತು ಹಿಡಿದರೆ ಕನ್ನಡ ತಾನಾಗಿ ಸಿಗುತ್ತದೆ. ಮೊದಲನೆಯದು ‘ಮಂದತ್ತು’, ಕೊಡು ಎಂಬ ಧಾತುವಿನದು, ಅದಕ್ಕೆ ‘ಕಪ್ಪ’. ಎರಡನೆಯದು ‘ಬಿಲ್ತು’, ಹೊರು ಎಂಬುದರಿಂದ, ಹೊತ್ತು ತಂದು ಒಪ್ಪಿಸುವ ಬೆಳೆಯ ಪಾಲು, ‘ಕಂದಾಯ’ ಹೊಂದುತ್ತದೆ. ಮೂರನೆಯದು ‘ಇಲ್ಕು’, ಹೋಗು ಎಂಬ ಧಾತು. ರಾಜನ ಕೆಲಸಕ್ಕೆ ಹೋಗಬೇಕಾದ ಋಣ. ನಮ್ಮಲ್ಲೂ ‘ಬಿಟ್ಟಿಗೆ ಹೋಗುವುದು’ ಎಂದೇ ಮಾತು. ಆದರೆ ಇಲ್ಕು ನೆಲಕ್ಕೆ ಅಂಟಿಕೊಂಡ ಋಣವಾದ್ದರಿಂದ ‘ಬಿಟ್ಟಿ’ಗಿಂತ ‘ಊಳಿಗ’ ವಾಸಿ. ‘ಉಂಬಳಿ’ ಎನ್ನುವ ಸಲಹೆ ಬಂದೀತು. ಉಂಬಳಿಗೆ ಸಾಮಾನ್ಯವಾಗಿ ಕಂದಾಯ ಮಾಫಿ, ಇದಕ್ಕೆ ಊಳಿಗವೂ ಉಂಟು, ತೆರಿಗೆಯೂ ಉಂಟು.

ಊಳಿಗ ಎಂದರೆ ಏನೆಂದು ತೋರಿಸಲು ಪಾಠದಲ್ಲಿ ಒಂದು ಉದಾಹರಣೆ ಕೊಡಿ. ನಿಪ್ಪೂರಿನ ಮುರಾಷು ಮನೆತನ ಭೂಮಿ, ತೆರಿಗೆಗಳ ಲೇವಾದೇವಿ ನಡೆಸುತ್ತಿತ್ತು. ಅವರ ಪಾಲಿಗೆ ಬಂದ ಒಂದು ‘ಕುದುರೆ ಭೂಮಿ’ಯ ಮೇಲೆ ಸವಾರನನ್ನು ಕಳಿಸುವ ಹೊಣೆಯಿತ್ತು. ಪರ್ಷಿಯದ ಅರಸ ಇಮ್ಮಡಿ ಡೇರಿಯಸನ ಆಳ್ವಿಕೆಯ 2ನೇ ವರ್ಷದಲ್ಲಿ ಗದಲ್-ಯಾಮ ಎಂಬ ಯೆಹೂದ್ಯ ಅವರ ಬದಲಿಗೆ ಹೋಗಲು ಒಪ್ಪಿ ಕರಾರು ಬರೆದುಕೊಟ್ಟ. ಬದಲಿಗೆ ಕೇಳಿದ್ದು ಕುದುರೆ, ಜೀನು, ಕಬ್ಬಿಣದ ಕವಚ, ಬಾಣಗಳು, 2 ಕಬ್ಬಿಣದ ಈಟಿ, ದಾರಿ ಖರ್ಚಿಗೆ 1 ಮಿನಾ ಬೆಳ್ಳಿ (ಸುಮಾರು ಅರ್ಧ ಕೆ.ಜಿ.). ‘ಯಾಮ’ ಎಂಬುದು ಯೆಹೂದ್ಯರ ದೇವರ ಹೆಸರೇ, ಬ್ಯಾಬಿಲೋನಿನ ಬರಹಗಾರರ ಕಿವಿಗೆ ಬಿದ್ದ ರೂಪ. ಬೈಬಲಿನ ‘ಗೆದಲ್ಯ’ ಇದೇ ಹೆಸರು.

ಇನ್ನೊಂದು ಪದ, ಕೇಳದಿದ್ದರೂ ಹೇಳುತ್ತೇನೆ. ಎಸ್ತೇರಳ ಗ್ರಂಥದಲ್ಲಿ ಅರಸನ ಖಜಾನೆಗೆ ‘ಗಿನ್ಜೇ ಹಮ್ಮೆಲೆಖ್’ ಎಂದಿದೆ. ಇದೂ ಇರಾನಿನ ಪದ, ಪರ್ಷಿಯನ್ನಿನಲ್ಲಿ ‘ಗಂಜ್’. ಕಲಬುರಗಿ, ರಾಯಚೂರಿನವರು ಕಾಳು ಮಾರಲು ಹೋಗುವ ಗಂಜ್ ಇದೇ ಬಳಗದ್ದು. ಖಜಾನೆಯಿಂದ ಉಗ್ರಾಣ, ಉಗ್ರಾಣದಿಂದ ಪೇಟೆ ಎಂದು ಅರ್ಥ ಸಾಗಿದೆ. ಪಾಠದಲ್ಲಿ ‘ಬೊಕ್ಕಸ’ ಎಂದೇ ಬರೆಯಿರಿ.

ಪ್ರಶ್ನೆ ಕೇಳಿದವರಿಂದ:

ಕೃತಜ್ಞತೆಗಳು. ಕರಡನ್ನು ಹೀಗೆ ತಿದ್ದಿದೆ: ‘ಕ್ರಿ.ಪೂ. 597ರಲ್ಲಿ ರಾಜಪರಿವಾರವನ್ನು ಸೆರೆಯೊಯ್ದರು. ಕುಶಲಕರ್ಮಿಗಳನ್ನೂ ಸೈನಿಕರನ್ನೂ ಒಕ್ಕಲೆಬ್ಬಿಸಿ ಬ್ಯಾಬಿಲೋನಿಯಾದಲ್ಲಿ ನೆಲೆಗೊಳಿಸಿದರು.’ ಒಂದು ಅನುಮಾನ ಉಳಿದಿದೆ. ಕ್ರಿ.ಪೂ. 164ರ ‘ಹನುಕ್ಕಾ’ಕ್ಕೆ ‘ದೇವಾಲಯದ ಪುನಃಪ್ರತಿಷ್ಠೆ’ ಎಂದಿದೆ, ಸರಿಯೆ?

ಉತ್ತರ 1:

ಬೇಡ. ಪ್ರತಿಷ್ಠೆ ಎಂದ ಕೂಡಲೇ ನಮಗೆ ಮೂರ್ತಿ ನೆನಪಾಗುತ್ತದೆ. ಅಲ್ಲಿ ನಡೆದದ್ದು ಅದಕ್ಕೆ ನೇರ ವಿರುದ್ಧ. ಕ್ರಿ.ಪೂ. 167ರಲ್ಲಿ ಗ್ರೀಕ್ ಅರಸ 4ನೇ ಆಂಟಿಯೋಕಸನ ಕಡೆಯವರು ಬಲಿಪೀಠದ ಮೇಲೆ ಅನ್ಯದೇವರ ಪೂಜೆ ಶುರುಮಾಡಿದ್ದರು. ಅವನ ವಿರುದ್ಧ ಬಂಡೆದ್ದ ಯೆಹೂದ್ಯರಾದ ಮಕ್ಕಬೀಯರು ಅದನ್ನು ತೆಗೆದು, ಮೈಲಿಗೆಯಾದ ಬಲಿಪೀಠವನ್ನು ಕಳಚಿ, ಕಬ್ಬಿಣ ತಾಗದ ಕಲ್ಲುಗಳಿಂದ ಹೊಸದು ಕಟ್ಟಿ, 8 ದಿನ ಹಬ್ಬ ಮಾಡಿದರು. ‘ಶುದ್ಧಿ ಮಾಡಿ ಮರುಸಮರ್ಪಣೆ’ ಎನ್ನಿ. ಹಬ್ಬದ ಹೆಸರು ‘ಹನುಕ್ಕಾ’ ಎಂದೇ ಇರಲಿ.