ಹ್ಯಾಂಡ್‌ಬಾಲ್ ರೆಫ್ರಿಯನ್ನು ಕೇಳಿ: ಡಿ, ಸ್ಟೆಪ್ಸು, ಕಾರ್ಡು ಮತ್ತು ಇಟ್ಟಿಗೆ ಇಟ್ಟ ಗೋಲ್‌ಪೋಸ್ಟ್

ಅಡ್ಮಿನ್: ಶಾಲಾ ಕ್ರೀಡಾಕೂಟ ಹತ್ತಿರ ಬಂತು. ಹ್ಯಾಂಡ್‌ಬಾಲ್ ನಿಯಮದ ಪ್ರಶ್ನೆ ಇದ್ರೆ ಈ ಪೋಸ್ಟ್ ಕೆಳಗೇ ಕೇಳಿ, ರೆಫ್ರಿ ಮೇಡಂ ಬಿಡುವಾದಾಗ ಉತ್ತರ ಕೊಡ್ತಾರೆ. ಥ್ರೋಬಾಲ್ ಪ್ರಶ್ನೆ ಬೇಡ. ಗುಡ್ ಮಾರ್ನಿಂಗ್ ಹೂವೂ ಬೇಡ.

ಹಾಸನದ ಪಿಇ ಮೇಷ್ಟ್ರು: ನಮಸ್ತೆ ಮೇಡಂ. ಕಬಡ್ಡಿ, ಖೋ-ಖೋ ಅಂಕಣ ಕಣ್ಣು ಮುಚ್ಚಿ ಹಾಕ್ತೀವಿ, ಹ್ಯಾಂಡ್‌ಬಾಲ್ ಇದೇ ಮೊದಲು. ಗೋಲಿನ ನಟ್ಟನಡುವೆ ಗೂಟ ಹೊಡೆದು 6 ಮೀಟರ್ ಹಗ್ಗದಲ್ಲಿ ಅರ್ಧವೃತ್ತ ಎಳೆದು ‘ಡಿ’ (ಗೋಲ್ ಮುಂದಿನ ಕೀಪರಿನ ಜಾಗ) ಹಾಕಿದ್ದೀವಿ. ಸರಿನಾ?

ರೆಫ್ರಿ ಮೇಡಂ: ನಮಸ್ತೆ ಸರ್. ಅಳಿಸಿಬಿಡಿ, ಅದು ಅರ್ಧವೃತ್ತ ಅಲ್ಲ. ಎರಡು ಕಾಲುವೃತ್ತ, ನಡುವೆ 3 ಮೀಟರಿನ ನೇರ ಗೆರೆ. ಕಂಬದ ಒಳಮಗ್ಗುಲಿನ ಹಿಂಬದಿ ಅಂಚಿಗೆ ಹಗ್ಗದ ತುದಿ ಹಿಡಿಸಿ 6 ಮೀಟರಿಗೆ ಒಂದು ಕಾಲುವೃತ್ತ, ಇನ್ನೊಂದು ಕಂಬದಿಂದ ಇನ್ನೊಂದು. ಆಮೇಲೆ ಎರಡನ್ನೂ ನೇರ ಗೆರೆಯಿಂದ ಸೇರಿಸಿ. ಗೋಲ್‌ಲೈನಿನ ಮೇಲೆ ಡಿ ಅಗಲ 6+3+6, ಒಟ್ಟು 15 ಮೀಟರ್ ಬರಬೇಕು. ನೀವು ಹಾಕಿದ್ದು 12. ಕೋರ್ಟ್ ಅಗಲ 20 ಆದ್ದರಿಂದ ಮೂಲೆಯಲ್ಲಿ ವಿಂಗ್ ಆಟಗಾರನಿಗೆ ಸಿಗಬೇಕಾದ್ದು ಎರಡೂವರೆ ಮೀಟರ್ ಜಾಗ. ನಿಮ್ಮ ಡಿಯಲ್ಲಿ 4 ಮೀಟರ್ ಸಿಗುತ್ತೆ. ಅವನಿಗೆ ಹಬ್ಬ, ಗೋಲ್‌ಕೀಪರಿಗೆ ತಿಥಿ.

9 ಮೀಟರ್ ಗೆರೆಯನ್ನೂ (ಫ್ರೀ ಥ್ರೋ ಗೆರೆ) ಅದೇ ಕಂಬಗಳಿಂದಲೇ ಎಳೆಯಿರಿ, ಆದ್ರೆ ತುಂಡು ಗೆರೆ: 15 ಸೆಂ.ಮೀ. ಗೆರೆ, 15 ಸೆಂ.ಮೀ. ಖಾಲಿ. ಇದು ಗೋಲ್‌ಲೈನಿಗೆ ಬಂದು ಮುಟ್ಟಲ್ಲ. 9+3+9 ಅಂದ್ರೆ 21, ಕೋರ್ಟಿಗಿಂತ ಒಂದು ಮೀಟರ್ ಜಾಸ್ತಿ. ಹಾಗಾಗಿ ಮೂಲೆಯಿಂದ ಸುಮಾರು 3 ಮೀಟರ್ ದೂರದಲ್ಲಿ ಸೈಡ್‌ಲೈನಿಗೆ ಹೋಗಿ ನಿಲ್ಲುತ್ತೆ. ಹಾಗೆ ನಿಲ್ಲದಿದ್ರೆ ಎಲ್ಲೋ ಅಳತೆ ತಪ್ಪಿದೆ. 7 ಮೀಟರ್ ಗೆರೆ (ಪೆನಾಲ್ಟಿ ಎಸೆಯೋ ಗೆರೆ) 1 ಮೀಟರ್ ಉದ್ದ, ಕೀಪರಿನ 4 ಮೀಟರ್ ಗುರುತು 15 ಸೆಂ.ಮೀ. ಉದ್ದ. ಗೆರೆಗಳೆಲ್ಲ 5 ಸೆಂ.ಮೀ. ದಪ್ಪ, ಕಂಬಗಳ ನಡುವಿನ ಗೋಲ್‌ಲೈನ್ ಮಾತ್ರ 8. ಕೋರ್ಟ್ ಮೂಲೆಮಟ್ಟ ನೋಡೋಕೆ ಅರ್ಧ ಕೋರ್ಟನ್ನು ಕರ್ಣದ ಉದ್ದಕ್ಕೆ ಅಳೆಯಿರಿ, ಎರಡೂ ಕಡೆ 28.28 ಮೀಟರ್ ಬರಬೇಕು. ಸುಟ್ಟ ಸುಣ್ಣದ ಪುಡಿ ಬಳಸಬೇಡಿ. ಮಕ್ಕಳು ಬೀಳ್ತಾರೆ, ಕಣ್ಣಿಗೆ ಹೋದ್ರೆ ಸುಡುತ್ತೆ. ಚಾಕ್ ಪುಡಿ ಸಾಕು.

ರೈಟ್ ವಿಂಗ್: ಮೇಡಂ, ಕೀಪರ್ ಕೈಗೆ ತಾಗಿ ಬಾಲ್ ಗೋಲ್ ಪಕ್ಕದಿಂದ ಹೊರಗೆ ಹೋದ್ರೆ ಕಾರ್ನರ್ ತಾನೇ?

ರೆಫ್ರಿ ಮೇಡಂ: ಅಲ್ಲ. ಕೀಪರಿಗೇ ಬಾಲ್, ಡಿ ಒಳಗಿಂದ ಎಸೀತಾರೆ. ಡಿಫೆನ್ಸಿನ ಕೋರ್ಟ್ ಆಟಗಾರನಿಗೆ (ಕೀಪರ್ ಅಲ್ಲದವನಿಗೆ) ಕೊನೆಗೆ ತಾಗಿ ಹೋದ್ರೆ ಮಾತ್ರ ಮೂಲೆಯಿಂದ ಥ್ರೋ-ಇನ್. ಫುಟ್‌ಬಾಲ್ ತಲೆಯಿಂದ ತೆಗೀರಿ.

ಕಾಲೇಜು ತಂಡದ ಮ್ಯಾನೇಜರ್: ಹುಡುಗಿಯರ 14ರೊಳಗಿನ ತಂಡಕ್ಕೆ ಯಾವ ಬಾಲ್? ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತೆ?

ರೆಫ್ರಿ ಮೇಡಂ: ಸೈಜ್ 1. ಸುತ್ತಳತೆ 50ರಿಂದ 52 ಸೆಂ.ಮೀ., ತೂಕ 290ರಿಂದ 330 ಗ್ರಾಂ. 14 ದಾಟಿದ ಹುಡುಗಿಯರಿಗೆ, 12ರಿಂದ 16ರ ಹುಡುಗರಿಗೆ ಸೈಜ್ 2, 54ರಿಂದ 56. ಅದಕ್ಕಿಂತ ದೊಡ್ಡ ಹುಡುಗರಿಗೆ ಸೈಜ್ 3, 58ರಿಂದ 60. ಚಿಕ್ಕವರಿಗೆ ದೊಡ್ಡ ಬಾಲ್ ಕೊಟ್ರೆ ಒಂದು ಕೈಯಲ್ಲಿ ಹಿಡಿಯೋಕಾಗಲ್ಲ, ಎರಡೂ ಕೈಯಲ್ಲಿ ಎದೆಯಿಂದ ತಳ್ಳೋದು ಅಭ್ಯಾಸ ಆಗುತ್ತೆ. ಆಮೇಲೆ ಅದನ್ನ ಬಿಡಿಸೋದು ಕಷ್ಟ.

ಬಾಸ್ಕೆಟ್‌ಬಾಲ್ ಕೋಚ್: ಸ್ಟೆಪ್ಸ್ ಬಗ್ಗೆ. ಬಾಲ್ ಹಿಡಿದ ಮೇಲೆ ಮೊದಲು ಇಡೋ ಕಾಲಿನಿಂದಲೇ ಎಣಿಸಬೇಕಲ್ವಾ? ಮೊನ್ನೆ ಒಂದು ವಿಡಿಯೋದಲ್ಲಿ ಹುಡುಗ ನಾಲ್ಕು ಸಲ ಕಾಲಿಟ್ಟ, ರೆಫ್ರಿ ಸುಮ್ಮನಿದ್ರು.

ರೈಟ್ ವಿಂಗ್: ಅದು ಝೀರೋ ಸ್ಟೆಪ್ ಸರ್. ಗಾಳಿಯಲ್ಲಿ ಹಿಡಿದ್ರೆ ಮೊದಲು ಇಳಿಯೋ ಕಾಲು ಲೆಕ್ಕಕ್ಕಿಲ್ಲ.

ಬಾಸ್ಕೆಟ್‌ಬಾಲ್ ಕೋಚ್: ನಿಯಮದಲ್ಲಿ ಮೂರು ಅಂತ ಬರೆದಿದೆ. ಮೂರು ಅಂದ್ರೆ ಮೂರು.

ರೈಟ್ ವಿಂಗ್: ಹೆಜ್ಜೆ ಅಂದ್ರೆ ಏನು ಅಂತಾನೂ ಅಲ್ಲೇ ಬರೆದಿದೆ, ಓದಿ.

ಹಾಸನದ ಪಿಇ ಮೇಷ್ಟ್ರು: ಮೇಡಂ, ಡಿ ಸರಿ ಮಾಡಿದ್ವಿ. ಫೋಟೋ ಹಾಕಿದ್ದೀನಿ, ಒಮ್ಮೆ ನೋಡಿ.

ರೆಫ್ರಿ ಮೇಡಂ: ಡಿ ಚೆನ್ನಾಗಿ ಬಂದಿದೆ. ಆದ್ರೆ ಡಿ ಬಿಡಿ ಸರ್, ಆ ಗೋಲ್‌ಪೋಸ್ಟ್ ಹಿಂದಿನ ಪೈಪ್ ಮೇಲೆ ನಾಲ್ಕು ಇಟ್ಟಿಗೆ ಕಾಣ್ತಿದೆಯಲ್ಲ, ಪೋಸ್ಟನ್ನ ಹಿಡಿದಿರೋದು ಅಷ್ಟೇನಾ?

ಹಾಸನದ ಪಿಇ ಮೇಷ್ಟ್ರು: ಹೌದು ಮೇಡಂ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು, ಭಾರ ಇದೆ. ಮಳೆ ಬಂದ್ರೆ ಎತ್ತಿ ಒಳಗಿಡ್ತೀವಿ.

ರೆಫ್ರಿ ಮೇಡಂ: ಇದಕ್ಕೆ ಉದ್ದ ಬರೀತೀನಿ, ಎಲ್ಲರೂ ಓದಿ. ಗೋಲ್‌ಪೋಸ್ಟನ್ನು ನೆಲಕ್ಕೋ ಹಿಂದಿನ ಗೋಡೆಗೋ ಭದ್ರವಾಗಿ ಬಿಗಿದಿರಲೇಬೇಕು ಅನ್ನೋದು ನಿಯಮ. ಯಾಕೆ ಅಂದ್ರೆ ಕಬ್ಬಿಣದ ಭಾರವೆಲ್ಲ ಇರೋದು ಮುಂದೆ: ಎರಡು ಕಂಬ, ಮೇಲಿನ ಅಡ್ಡಪಟ್ಟಿ. ಹಿಂದೆ ಇರೋದು ಸಣ್ಣ ಪೈಪು, ನೆಟ್ಟು. ಸುಮ್ಮನೆ ನಿಂತಾಗ ಬೀಳಲ್ಲ. ಆದ್ರೆ ಮಗು ಎಗರಿ ಅಡ್ಡಪಟ್ಟಿ ಹಿಡಿದು ಉಯ್ಯಾಲೆ ಆಡಿದ್ರೆ ಅದರ ಮೈಭಾರ ಕಂಬದ ಬುಡಕ್ಕಿಂತ ಮುಂದಕ್ಕೆ ಹೋಗುತ್ತೆ. ಆಗ ಇಡೀ ಚೌಕಟ್ಟು ಮುಗುಚುತ್ತೆ, ಅಡ್ಡಪಟ್ಟಿ ಕೆಳಗೆ ಬಿದ್ದ ಮಗುವಿನ ತಲೆ ಮೇಲೋ ಎದೆ ಮೇಲೋ ಬರುತ್ತೆ. ಮಕ್ಕಳು ಸತ್ತಿದ್ದಾರೆ ಸರ್ ಇದರಿಂದ, ಎಷ್ಟೋ ದೇಶಗಳಲ್ಲಿ. ‘ಭಾರ ಇದೆ’ ಅಂತ ನೀವು ಸಮಾಧಾನ ಪಟ್ಕೋತೀರಿ. ಭಾರ ಇದ್ದಷ್ಟೂ ಬಿದ್ದಾಗ ಅಪಾಯ ಹೆಚ್ಚು.

ಮಣ್ಣಿನ ಮೈದಾನ ಆದ್ರೆ: ಹಿಂದಿನ ಪೈಪಿಗೆ ಎರಡು, ಪಕ್ಕದ ಪೈಪುಗಳಿಗೆ ಒಂದೊಂದು, ಎರಡಡಿ ಉದ್ದದ ಕಬ್ಬಿಣದ ಗೂಟ. ಮೇಲ್ತುದಿ ಕೊಕ್ಕೆಯಂತೆ ಬಾಗಿ ಪೈಪನ್ನು ಒತ್ತಿ ಹಿಡಿದಿರಬೇಕು. ನೆಟ್ಟಗೆ ಹೊಡೀಬೇಡಿ, ಓರೆಯಾಗಿ ಹೊಡೀರಿ, ನೆಟ್ಟಗಿದ್ದದ್ದು ಕಿತ್ತು ಬರುತ್ತೆ. ಮಳೆ ಬಿದ್ದ ಮರುದಿನ ಮಣ್ಣು ಸಡಿಲ ಆಗಿರುತ್ತೆ, ಮತ್ತೆ ಬಡೀರಿ. ಸಿಮೆಂಟ್ ಅಂಕಣ ಆದ್ರೆ ಬುಡಕ್ಕೆ ಕಬ್ಬಿಣದ ಪ್ಲೇಟ್ ವೆಲ್ಡ್ ಮಾಡಿಸಿ ಆಂಕರ್ ಬೋಲ್ಟ್ ಹಾಕಿ. ಹಿಂದಿನ ಮರಕ್ಕೆ ಹಗ್ಗ ಕಟ್ಟೋದು ಬೇಡ, ಸಡಿಲ ಆಗುತ್ತೆ, ಓಡೋ ಮಕ್ಕಳ ಕಾಲಿಗೂ ಸಿಗುತ್ತೆ. ಮರಳು ಚೀಲ ಒಂದು ದಿನದ ಮಟ್ಟಿಗೆ, ಅದೂ ಹಿಂದಿನ ಪೈಪಿಗೆ ಕಟ್ಟಿ ಇಟ್ರೆ. ಇಟ್ಟಿಗೆ ಯಾವತ್ತೂ ಬೇಡ.

ಪರೀಕ್ಷೆ ಸುಲಭ. ದೊಡ್ಡವರೊಬ್ಬರು ಎದುರು ನಿಂತು ಎರಡು ಕೈಯಲ್ಲಿ ಅಡ್ಡಪಟ್ಟಿ ಹಿಡಿದು ತಮ್ಮ ಕಡೆ ಎಳೀಲಿ, ಹಿಂದೆ ಇನ್ನೊಬ್ಬರು ಪೈಪಿನ ಹತ್ತಿರ ಕೂತು ನೋಡಲಿ. ಒಂದು ಬೆರಳಷ್ಟು ಎದ್ದರೂ ಮ್ಯಾಚ್ ಶುರು ಮಾಡಬೇಡಿ. ಆಟ ಇಲ್ಲದ ದಿನ ಪೋಸ್ಟನ್ನು ಮುಖ ಅಡಿ ಮಾಡಿ ಮಲಗಿಸಿ, ಇಲ್ಲಾ ಗೋಡೆಗೆ ಸರಪಳಿ ಹಾಕಿ ಬೀಗ ಜಡೀರಿ. ಮಕ್ಕಳು ಜೋತು ಬೀಳೋದು ನಿಮ್ಮ ಕಣ್ಣೆದುರು ಅಲ್ಲ, ಸಂಜೆ ಗೇಟ್ ಹಾಕಿದ ಮೇಲೆ.

ಪೋಷಕಿ: ಅಯ್ಯೋ. ನಮ್ಮ ಮಗನ ಸ್ಕೂಲಲ್ಲಿ ಚಕ್ರ ಇರೋ ಪೋಸ್ಟ್ ಇದೆ.

ರೆಫ್ರಿ ಮೇಡಂ: ಚಕ್ರ ಸಾಗಿಸೋಕೆ ಮಾತ್ರ. ಆಟಕ್ಕೆ ನಿಲ್ಲಿಸಿದಾಗ ಚಕ್ರ ಎತ್ತಿ ನೆಲಕ್ಕೆ ಬಿಗಿದಿರಬೇಕು. ನಾಳೆಯೇ ಕೇಳಿ.

ಬಾಸ್ಕೆಟ್‌ಬಾಲ್ ಕೋಚ್: ಮೇಡಂ, ನನ್ನ ಸ್ಟೆಪ್ಸ್ ಪ್ರಶ್ನೆ ಹಾಗೇ ಉಳೀತು.

ರೆಫ್ರಿ ಮೇಡಂ: ರೈಟ್ ವಿಂಗ್ ಹೇಳಿದ್ದು ಸರಿ. ಗಾಳಿಯಲ್ಲಿ ಹಿಡಿದು ಎಡಗಾಲಲ್ಲಿ ಇಳಿದ, ಅದು ಸೊನ್ನೆ. ಬಲ ಒಂದು, ಎಡ ಎರಡು, ಬಲ ಮೂರು, ಎಗರಿ ಮತ್ತೆ ನೆಲ ಮುಟ್ಟೋದರೊಳಗೆ ಬಾಲ್ ಕೈ ಬಿಟ್ಟಿರಬೇಕು. ಆದ್ರೆ ಒಂದು ಕಾಲು ನೆಲದ ಮೇಲೆ ಇದ್ದಾಗ ಹಿಡಿದ್ರೆ ಮುಂದಿನ ಕಾಲಿಂದಲೇ ಎಣಿಕೆ. ಎರಡೂ ಕಾಲು ಊರಿ ನಿಂತಿದ್ರೆ, ಎತ್ತಿದ ಕಾಲು ಕೆಳಗಿಟ್ಟಾಗ ಒಂದು. ಒಂದು ಕಾಲು ಊರಿ ಇನ್ನೊಂದನ್ನು ಅದರ ಹತ್ತಿರಕ್ಕೆ ಎಳ್ಕೊಂಡ್ರೆ ಹೊಸ ಹೆಜ್ಜೆ ಆಗಲ್ಲ. ಮೂರು ಹೆಜ್ಜೆ, ಬೇಕಾದಷ್ಟು ಡ್ರಿಬಲ್, ಹಿಡಿದ ಮೇಲೆ ಇನ್ನೂ ಮೂರು. ಮತ್ತೆ ಡ್ರಿಬಲ್ ಮಾಡೋ ಹಾಗಿಲ್ಲ. ಸುಮ್ಮನೆ ಹಿಡ್ಕೊಂಡು ನಿಂತರೂ 3 ಸೆಕೆಂಡ್ ಅಷ್ಟೇ.

ಬಾಸ್ಕೆಟ್‌ಬಾಲ್ ಕೋಚ್: ಒಪ್ಪಿದೆ. ಆದ್ರೆ ಶಾಲಾ ಮಟ್ಟದಲ್ಲಿ ಇಷ್ಟೆಲ್ಲ ಯಾರು ನೋಡ್ತಾರೆ?

ರೈಟ್ ವಿಂಗ್: ನೋಡಲ್ಲ ಅಂತಾನೇ ಎಲ್ಲ ಊರಲ್ಲೂ ಒಂದೊಂದು ನಿಯಮ ಆಗಿರೋದು.

ಬಾಸ್ಕೆಟ್‌ಬಾಲ್ ಕೋಚ್: ತಮ್ಮಾ, ನೀನು ಆಡೋದಕ್ಕೆ ಮುಂಚೆ ನಾವು ಶಿಳ್ಳೆ ಊದಿದ್ದೀವಿ.

ರೈಟ್ ವಿಂಗ್: ಊದಿದ್ದು ಸರಿ ಸರ್, ಯಾವುದಕ್ಕೆ ಅನ್ನೋದೇ ಪ್ರಶ್ನೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ನಿವೃತ್ತ ಪಿಇ ಮೇಷ್ಟ್ರು: ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು: ‘ಬಾಲ್ ತಾಗಿ ಬೆರಳು ಊದಿದರೆ ತಕ್ಷಣ ಬಲವಾಗಿ ಎಳೆದು ಲಟಿಕೆ ತೆಗೆಯಿರಿ, ಬಿಸಿ ಎಣ್ಣೆ ತಿಕ್ಕಿ, ಸುಣ್ಣ-ಅರಿಶಿನದ ಪಟ್ಟು ಹಾಕಿ. ಹತ್ತು ನಿಮಿಷದಲ್ಲಿ ಆಟಕ್ಕೆ ಸಿದ್ಧ.’

ರೆಫ್ರಿ ಮೇಡಂ: ದಯವಿಟ್ಟು ಇದನ್ನು ಅಳಿಸಿ ಸರ್. ಬೆರಳು ಎಳೀಬಾರದು, ಮೂಳೆ ಬಿರಿದಿದ್ರೆ ಎಳೆದಾಗ ಜರುಗುತ್ತೆ. ಹೊಸ ಊತಕ್ಕೆ ಬಿಸಿಯೂ ಬೇಡ, ತಿಕ್ಕೋದೂ ಬೇಡ. ಉಂಗುರ ಇದ್ರೆ ಮೊದಲು ತೆಗೆಸಿ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ, ಅವತ್ತಿಗೆ ಆಟ ನಿಲ್ಲಿಸಿ. ಬೆರಳು ಸೊಟ್ಟ ಕಂಡ್ರೆ, ತುದಿ ಬಗ್ಗಿ ತಾನಾಗಿ ನೆಟ್ಟಗಾಗದಿದ್ರೆ, ಜೋಮು ಹಿಡಿದ್ರೆ ಎಕ್ಸ್‌ರೇ. ತುದಿ ಬಗ್ಗಿದ್ದಕ್ಕೆ ವಾರಗಟ್ಟಲೆ ಬಿಚ್ಚದೆ ಪಟ್ಟಿ ಹಾಕಬೇಕಾಗುತ್ತೆ. ಆ ಹತ್ತು ನಿಮಿಷದ ಆಸೆಗೆ ಬೆರಳು ಜೀವನಪೂರ್ತಿ ಬಾಗಿಯೇ ಉಳಿಯಬಹುದು.

ನಿವೃತ್ತ ಪಿಇ ಮೇಷ್ಟ್ರು: ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಮಾಡ್ತಿದ್ದರು.

ರೆಫ್ರಿ ಮೇಡಂ: ಆ ಕಾಲದವರ ಬೆರಳುಗಳನ್ನೂ ನೋಡಿದ್ದೀವಿ ಸರ್.

ಕರಾವಳಿ ಕೀಪರ್: ಶೂಟರ್ ಎಸೆದದ್ದು ನೇರ ಮುಖಕ್ಕೆ ಬಿತ್ತು, ರೆಫ್ರಿ ಏನೂ ಕೊಡಲಿಲ್ಲ. ಸರಿನಾ?

ರೆಫ್ರಿ ಮೇಡಂ: ಶೂಟರ್ ಎದುರು ಡಿಫೆಂಡರ್ ಇಲ್ಲದೆ ಒಬ್ಬನೇ ಬಂದು ಎಸೆದದ್ದು ನೇರವಾಗಿ ತಲೆಗೆ ಮೊದಲು ತಾಗಿದ್ರೆ 2 ನಿಮಿಷ ಹೊರಗೆ. 2022ರ ಜುಲೈ 1ರಿಂದ ಹೀಗಿದೆ. ಕೀಪರೇ ತಲೆಯನ್ನು ಬಾಲಿನ ಕಡೆ ತಂದ್ರೆ ಇಲ್ಲ. 7 ಮೀಟರ್ ಥ್ರೋದಲ್ಲಿ ತಲೆಯನ್ನು ಬಾಲಿನ ಕಡೆ ತರದ ಕೀಪರಿನ ತಲೆಗೆ ಹೊಡೆದ್ರೆ ನೇರ ಕೆಂಪು ಕಾರ್ಡ್.

ಕಾಲೇಜು ತಂಡದ ಮ್ಯಾನೇಜರ್: ಗೋಲಿಗೆ ಎಸೆಯದೆ ಸುಮ್ಮನೆ ಆಟ ಎಳೀತಾ ಇದ್ರೆ ರೆಫ್ರಿ ಕೈ ಎತ್ತಿದ ಮೇಲೆ 6 ಪಾಸ್ ಅಲ್ವಾ?

ರೆಫ್ರಿ ಮೇಡಂ: 4. ಅದೂ 2022ರಿಂದ. ಹಳೇ ಪುಸ್ತಕ ಎತ್ತಿಡಿ.

ತುಮಕೂರು ಹುಡುಗ: ಹಳದಿ ಕೊಡದೆ ನೇರ 2 ನಿಮಿಷ ಕೊಡಬಹುದಾ?

ರೆಫ್ರಿ ಮೇಡಂ: ಕೊಡಬಹುದು. ಕುತ್ತಿಗೆ ಹಿಡಿದು ಎಳೆದವನಿಗೆ, ಓಡೋವಾಗ ಹಿಂದಿನಿಂದ ತಳ್ಳಿದವನಿಗೆ ಹಳದಿ ತೋರಿಸ್ತಾ ಕೂರೋದು ತಪ್ಪು. ಒಬ್ಬನಿಗೆ ಒಂದೇ ಹಳದಿ, ತಂಡಕ್ಕೆ ಮೂರು, ಆಮೇಲೆ 2 ನಿಮಿಷ. ಒಬ್ಬನಿಗೇ ಮೂರನೇ ಸಲ 2 ನಿಮಿಷ ಬಂದ್ರೆ ಕೆಂಪು. ಕೆಂಪು ಬಂದ 2 ನಿಮಿಷದ ನಂತರ ಬದಲಿ ಆಟಗಾರ ಇಳೀಬಹುದು, ಕೆಂಪು ಪಡೆದವನು ಮಾತ್ರ ಬೆಂಚಿಗೂ ಇಲ್ಲ.

ತುಮಕೂರು ಹುಡುಗ: ಕೀಪರನ್ನ ತೆಗೆದು ಏಳನೇ ಆಟಗಾರನನ್ನ ಹಾಕಿದಾಗ ಜರ್ಸಿ ಬಣ್ಣ?

ಮೈಸೂರು ಮಿಸ್: ಮೇಡಂ, ರೆಫ್ರಿ ಪರೀಕ್ಷೆ ಕಟ್ಟೋದು ಹೇಗೆ?

ನಿವೃತ್ತ ಪಿಇ ಮೇಷ್ಟ್ರು: ಇನ್ನೊಂದು ಫಾರ್ವರ್ಡ್: ‘ಈ ವರ್ಷದಿಂದ ಹ್ಯಾಂಡ್‌ಬಾಲಿನಲ್ಲಿ 5 ಸ್ಟೆಪ್ಸ್.’

ರೆಫ್ರಿ ಮೇಡಂ: ಸುಳ್ಳು.

ರೈಟ್ ವಿಂಗ್: ಬಾಸ್ಕೆಟ್‌ಬಾಲ್ ಕೋಚ್ ಕಳಿಸಿರಬೇಕು 😄

ಬಾಸ್ಕೆಟ್‌ಬಾಲ್ ಕೋಚ್: ಅಡ್ಮಿನ್, ಇವನನ್ನ ತೆಗೀತೀರೋ, ನಾನೇ ಹೋಗಲೋ?

ಕಬಡ್ಡಿ ಕೋಚ್: ಡಿಫೆಂಡರ್ ಡಿ ಗೆರೆ ತುಳಿದ ತಕ್ಷಣ 7 ಮೀಟರ್ ಕೊಡ್ತಾರೆ ನಮ್ಮ ಕಡೆ.

ರೆಫ್ರಿ ಮೇಡಂ: ತಪ್ಪು. ಗೆರೆ ತುಳಿದದ್ದು ಸಾಲದು, ಸ್ಪಷ್ಟವಾಗಿ ಒಳಗೆ ಹೋಗಿ ಖಚಿತ ಗೋಲಿನ ಅವಕಾಶ ತಪ್ಪಿಸಿರಬೇಕು. ಒಳಗೆ ಹೋಗಿ ಸ್ವಲ್ಪ ಲಾಭ ಮಾಡ್ಕೊಂಡಿದ್ರೆ ಫ್ರೀ ಥ್ರೋ. ಏನೂ ಲಾಭ ಇಲ್ಲದಿದ್ರೆ ಏನೂ ಇಲ್ಲ.

ಹೊಸ ಸದಸ್ಯ: ಹಾಯ್. ಕೀಪರಿಗೆ ತಾಗಿ ಹೊರಗೆ ಹೋದ್ರೆ ಕಾರ್ನರ್ ಅಲ್ವಾ?

ರೆಫ್ರಿ ಮೇಡಂ: ಮೇಲೆ ಓದಿ.

ಹಾಸನದ ಪಿಇ ಮೇಷ್ಟ್ರು: ಮೇಡಂ, ಹಿಂದೆ ಎರಡು, ಪಕ್ಕಕ್ಕೆ ಎರಡು ಗೂಟ ಓರೆಯಾಗಿ ಹೊಡೆದಾಯ್ತು. ಇಬ್ಬರು ಸೇರಿ ಎಳೆದು ನೋಡಿದ್ವಿ, ಅಲುಗಲ್ಲ. ಹೊಸ ಫೋಟೋ ಹಾಕಿದ್ದೀನಿ.

ರೆಫ್ರಿ ಮೇಡಂ: ಒಳ್ಳೇದಾಯ್ತು ಸರ್. ಎಡಗಡೆ ಗೂಟದ ಕೊಕ್ಕೆ ಮುಂದಕ್ಕೆ ಚಾಚಿದೆ, ಮಗು ಎಡವುತ್ತೆ. ಪೈಪಿಗೆ ಅಂಟೋ ಹಾಗೆ ಸುತ್ತಿಗೆಯಲ್ಲಿ ಬಗ್ಗಿಸಿ. ಮತ್ತೆ ಅಡ್ಡಪಟ್ಟಿಯ ಕೆಳ ಅಂಚಿಂದ ನೆಲಕ್ಕೆ ಅಳೆದಿದ್ದೀರಾ? 2 ಮೀಟರ್ ಇರಬೇಕು, ಫೋಟೋದಲ್ಲಿ ಕಮ್ಮಿ ಕಾಣ್ತಿದೆ.

ಹಾಸನದ ಪಿಇ ಮೇಷ್ಟ್ರು: 1.90 ಇದೆ ಮೇಡಂ. ವೆಲ್ಡಿಂಗ್‌ನವರು 2 ಮೀಟರನ್ನ ಮೇಲಂಚಿನವರೆಗೆ ಅಳೆದಿದ್ದಾರೆ. ಪಟ್ಟಿದೇ 8 ಸೆಂ.ಮೀ. ಹೋಯ್ತು, ಬುಡ 2 ಸೆಂ.ಮೀ. ಮಣ್ಣಿಗಿಳಿದಿದೆ.